ಮೊದಲ ಸಾಲಿನ ನೌಕರ

ನೋಟೀಸ್ ಬೋರ್ಡಿನ ಪಟ್ಟಿಯನ್ನು ಮುನಿಗಂಗಮ್ಮ ಮೂರು ಸಲ ಓದಿದಳು. ಗುತ್ತಿಗೆ ಕಾರ್ಮಿಕರಲ್ಲಿ ವರ್ಷದಲ್ಲಿ ಅತಿ ಹೆಚ್ಚು ದಿನ ಕೆಲಸಕ್ಕೆ ಬಂದ ಒಬ್ಬರನ್ನು ಕಾಯಂ ಮಾಡುತ್ತೇವೆಂದು ಪಿಲ್ಲಗುಂಪೆಯ ಆ ಬಾಟಲಿ ಮುಚ್ಚಳದ ಫ್ಯಾಕ್ಟರಿ ಹೇಳಿತ್ತು. ಉಳಿದವರ ಗುತ್ತಿಗೆ ಈ ತಿಂಗಳಿಗೆ ಮುಗಿಯುತ್ತದೆ. ಮಗಳ ಸೀಮಂತದ ದಿನವೂ ಆರತಿ ಎತ್ತಿದವಳೇ, ಬೂದಿಗೆರೆಯಿಂದ ಎರಡು ಬಸ್ಸು ಹಿಡಿದು ಮಧ್ಯಾಹ್ನದ ಶಿಫ್ಟಿಗೆ ಓಡಿಬಂದವಳು ಮುನಿಗಂಗಮ್ಮ. ಹಾಜರಿ ಮುನ್ನೂರ ಮೂರು ದಿನ, ಅಂದರೆ ಫ್ಯಾಕ್ಟರಿ ಬಾಗಿಲು ತೆರೆದ ದಿನವೆಲ್ಲ. ಆದರೂ ಪಟ್ಟಿಯಲ್ಲಿ ಎರಡನೆಯವಳು. ಮೊದಲನೆಯವರು ಭಾನುವಾರ, ಯುಗಾದಿ, ಆಯುಧಪೂಜೆ ಯಾವುದನ್ನೂ ಬಿಡದೆ ಮುನ್ನೂರ ಅರವತ್ತೈದು ದಿನ ಬಂದಿದ್ದರು. ಅವರ ಹೆಸರು ‘ನೌಕರರ ಹೆಸರು’. ಅವರು ಕೆಲಸ ಮಾಡುವ ವಿಭಾಗ ‘ವಿಭಾಗ’.

ಆಕೆ ನೇರವಾಗಿ ಎಚ್‌ಆರ್ ಮನೋಹರ್ ಅವರ ಕೋಣೆಗೆ ನುಗ್ಗಿದಳು.

“ಸಾರ್, ಯಾರು ಸಾರ್ ಇವ್ರು? ಯಾವ ಮಿಷನ್ ಹತ್ರ ನಿಂತ್ಕೋತಾರೆ? ಒಂದ್ಸಲ ಕರೀರಿ, ಮುಖನಾದ್ರೂ ನೋಡ್ತೀನಿ.”

ಮನೋಹರ್ ಕಂಪ್ಯೂಟರನ್ನು ಗಂಭೀರವಾಗಿ ದಿಟ್ಟಿಸಿದರು. “ಸಿಸ್ಟಮ್ಮಲ್ಲಿ ಇದಾರಲ್ಲಮ್ಮಾ. ಒಂದು ಲೇಟ್ ಮಾರ್ಕ್ ಇಲ್ಲ, ಒಂದು ಕಂಪ್ಲೇಂಟ್ ಇಲ್ಲ. ಯೂನಿಯನ್ನು ಗೀನಿಯನ್ನು ಅಂತ ಓಡಾಡಿದೋರೂ ಅಲ್ಲ. ಇಂಥೋರೇ ಬೇಕು ಕಂಪನಿಗೆ.”

ಪಕ್ಕದ ಮೇಜಿನಲ್ಲಿದ್ದ ಕಂಪ್ಯೂಟರ್ ಆಪರೇಟರ್ ಶಿಲ್ಪಾ ನಗು ತಡೆಯಲು ಬಾಯಿಗೆ ವೇಲು ಅಡ್ಡ ಹಿಡಿದಳು. “ಸಾರ್, ಅದು ಮನುಷ್ಯ ಅಲ್ಲ. ನಮ್ಮ ಸಾಫ್ಟ್‌ವೇರ್ ದಿನಾ ಮಧ್ಯೆ ಮಧ್ಯೆ ಟ್ಯಾಬ್ ಒತ್ತಿದ ಹಾಗೆ ಜಾಗ ಬಿಟ್ಟು ಹೆಸರು, ವಿಭಾಗ, ಹಾಜರಿ ಅಂತ ಫೈಲ್ ಬರ್ದು ಹೆಡ್ ಆಫೀಸಿಗೆ ಕಳಿಸುತ್ತಲ್ಲ, ಅದರ ಮೊದಲನೇ ಸಾಲು. ಬರೀ ಹೆಡಿಂಗು. ಬೆಳಗ್ಗೆ ಆರಕ್ಕೆ ಫೈಲ್ ಶುರುವಾದ ತಕ್ಷಣ ಅದು ಬಂದು ಕೂತ್ಕೊಳುತ್ತೆ, ರಜಾ ಇದ್ರೂ ಅಷ್ಟೇ. ಅಲ್ಲಿನ ಕಂಪ್ಯೂಟರ್ ಅದನ್ನೂ ಒಂದು ಆಳು ಅಂತ ಎಣಿಸಿಬಿಟ್ಟಿದೆ. ಸೆಟ್ಟಿಂಗ್ಸಲ್ಲಿ ‘ಹೆಡಿಂಗ್ ಬರೆ’ ಅಂತಿರೋ ಟಿಕ್ ತೆಗೆದ್ರೆ ಮುಗೀತು.”

ಮನೋಹರ್ ಮುಖ ಬಿಳಿಚಿಕೊಂಡಿತು. ತಪ್ಪು ಗೊತ್ತಾಯಿತಲ್ಲ ಎಂದಲ್ಲ. ಟಿಕ್ ತೆಗೆಯಬೇಕಲ್ಲ ಎಂದು.

“ಏನಮ್ಮಾ ನೀನು! ಆ ಟಿಕ್ ಮುಟ್ಟಬೇಕಂದ್ರೆ ಹೆಡ್ ಆಫೀಸ್ ಅಪ್ರೂವಲ್ ಬೇಕು. ಇಲ್ದೇ ಇರೋನಿಗೆ ವರ್ಷಪೂರ್ತಿ ಹಾಜರಿ ಹಾಕಿದ್ಯಾ ಅಂತ ಕೇಳಿದ್ರೆ ನಾನೇನು ಹೇಳ್ಲಿ? ಅವನ ಆರ್ಡರ್ ಬೇರೆ ರೆಡಿಯಾಗಿದೆ.” ಆಮೇಲೆ ಮುನಿಗಂಗಮ್ಮನತ್ತ ತಿರುಗಿ ಕನಿಕರದಿಂದ ಹೇಳಿದರು, “ನೋಡಮ್ಮಾ, ಮುಂದಿನ ಸಲ ಕಾಂಟ್ರಾಕ್ಟ್ ಸಿಕ್ಕಿದ್ರೆ ಭಾನುವಾರನೂ ಬಾ.”

“ಭಾನುವಾರ ಗೇಟೇ ತೆಗಿಯಲ್ವಲ್ಲ ಸಾರ್.”

“ಅವರು ಬಂದಿಲ್ವಾ?”

ಮುನಿಗಂಗಮ್ಮ ಹೊರಗಿನ ಬೆಂಚಿನ ಮೇಲೆ ಕೂತಳು. ಅಳು ಬರಲಿಲ್ಲ, ಹೊಟ್ಟೆ ಉರಿಯಿತು. ತನಗಿಂತ ಹೆಚ್ಚು ಮೈಮುರಿದು ದುಡಿದವರ ಎದುರು ಸೋತಿದ್ದರೆ ಹೇಗೋ ನುಂಗಿಕೊಳ್ಳುತ್ತಿದ್ದಳು. ಮೈಯೇ ಇಲ್ಲದವರ ಎದುರು ಸೋಲುವುದು ಹೇಗೆಂದು ಆಕೆಗೆ ತಿಳಿಯಲಿಲ್ಲ.

ಮನೋಹರ್ ಊಟಕ್ಕೆ ಎದ್ದು ಹೋಗುತ್ತಲೇ ಶಿಲ್ಪಾ ಒಳಗೆ ಕರೆದಳು. “ಅಕ್ಕಾ, ಟಿಕ್ ತೆಗಿಯೋಕೆ ಪರ್ಮಿಷನ್ ಬೇಕು. ಆದ್ರೆ ಹೆಡಿಂಗಲ್ಲಿ ಏನು ಬರೀಬೇಕು ಅನ್ನೋದಕ್ಕೆ ಯಾರೂ ಬೀಗ ಹಾಕಿಲ್ಲ.” ಅವಳು ‘ನೌಕರರ ಹೆಸರು’ ಅಳಿಸಿ ‘ಮುನಿಗಂಗಮ್ಮ’ ಎಂದು ಒತ್ತಿದಳು. ‘ವಿಭಾಗ’ ಇದ್ದಲ್ಲಿ ‘ಪ್ಯಾಕಿಂಗ್’. ಆಮೇಲೆ ಇಡೀ ವರ್ಷದ ಫೈಲುಗಳನ್ನು ಹೊಸದಾಗಿ ಬರೆಸಿ ಹೆಡ್ ಆಫೀಸಿಗೆ ಕಳಿಸಿಬಿಟ್ಟಳು.

“ಸುಳ್ಳಲ್ವಾ ಶಿಲ್ಪಮ್ಮಾ ಇದು?”

“ನೀವು ಬಂದಿದ್ದು ಸುಳ್ಳಾ ಅಕ್ಕಾ?”

ಮೂರನೆಯ ದಿನ ತಿದ್ದಿದ ಆದೇಶ ಬಂತು: ಮುನಿಗಂಗಮ್ಮ, ಪ್ಯಾಕಿಂಗ್, ಹಾಜರಿ ಮುನ್ನೂರ ಅರವತ್ತೈದು, ಕಾಯಂ. ಮನೋಹರ್ ಕ್ಯಾಂಟೀನಿನಲ್ಲಿ ಎಲ್ಲರ ಮುಂದೆ ಆಕೆಗೆ ಶಾಲು ಹೊದಿಸಿದರು. ಈಕೆ ಭಾನುವಾರಗಳಲ್ಲೂ ದುಡಿಯುವುದನ್ನು ತಾವು ಕಣ್ಣಾರೆ ಕಂಡಿರುವುದಾಗಿ ಹತ್ತು ನಿಮಿಷ ಭಾಷಣ ಮಾಡಿದರು. ಕಾರ್ಮಿಕರಿಗೆಲ್ಲ ಒಂದೊಂದು ಜಹಾಂಗೀರು ಸಿಕ್ಕಿತು.

ಮರುದಿನ ಬೆಳಿಗ್ಗೆ ಎಂಟಕ್ಕೆ ಮುನಿಗಂಗಮ್ಮ ಕಾಯಂ ನೌಕರರ ಹೊಸ ಕಾರ್ಡನ್ನು ಗೇಟಿನ ಯಂತ್ರಕ್ಕೆ ಹಿಡಿದಳು. ಕೆಂಪು ದೀಪ ಹತ್ತಿತು. ಗಾರ್ಡ್ ಎದ್ದು ಬಂದು ಪರದೆಯನ್ನು ಇಣುಕಿ ನೋಡಿದ.

“ಮುನಿಗಂಗಮ್ಮ ಆಗ್ಲೇ ಒಳಗವ್ರೆ ಅಂತ ತೋರಿಸ್ತೈತೆ. ಬೆಳಗ್ಗೆ ಆರಕ್ಕೇ ಬಂದವ್ರಂತೆ.”

“ನಾನೇ ಕಣಪ್ಪಾ ಮುನಿಗಂಗಮ್ಮ.”

“ಹಂಗಾದ್ರೆ ಒಳಗಿರೋರು ಯಾರು?”

ಹಿಂದೆ ಸಾಲಿನಲ್ಲಿ ನಿಂತವರು ನೂಕುತ್ತಿದ್ದರು. ಮುನಿಗಂಗಮ್ಮ ಊಟದ ಡಬ್ಬಿಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದಳು.

“ಪರ್ಮನೆಂಟ್ ಆಗಿರೋದು ಅವ್ಳು ಕಣಪ್ಪಾ. ಕೆಲ್ಸ ಮಾಡೋಳು ನಾನು. ಒಳಕ್ಕೆ ಬಿಡು.”