ಕಿವಿಯ ಪಾಠ

"ಬ್ರಿಂಗ್!" ಎಂದು ಟೀಚರ್ ಕೈ ತೋರಿಸಿ ಕೂಗಿದ್ದೇ ತಡ, ಇಡೀ ತರಗತಿ ಮೂಲೆಯಲ್ಲಿದ್ದ ಬಕೆಟ್ಟಿನ ಕಡೆಗೆ ನುಗ್ಗಿತು. "ಅಯ್ಯೋ, ಎಲ್ರೂ ಅಲ್ಲ ಕಣ್ರೇ, ಯಾರಾದ್ರೂ ಒಬ್ರು!" ಎಂದು ಅವರು ನಗುತ್ತಾ ತಿರುಗಿದರೆ ಬಾಗಿಲಲ್ಲಿ ಬಾಯಿಬಡುಕಿ ನಿಂತಿದ್ದಳು.

ಹೊರದೇಶದ ಮನೆಗೆಲಸಕ್ಕೆ ಹೊರಟ ಹೆಂಗಸರಿಗೆ ಇಂಗ್ಲಿಷ್ ಕಲಿಸುವ ಈ ಮಹಡಿಯ ಕೋಣೆಯಲ್ಲಿ ಹೋದ ವರ್ಷ ಕಲಿತು ಹೋದವಳು ಅವಳು. ಬಾಯಿಬಡುಕಿ ಎಂದು ಹೆಸರಿಟ್ಟವರೂ ಟೀಚರೇ. ನಲ್ಲಿಯ ಸಾಲಿನಲ್ಲಿ ಹತ್ತು ಜನರ ಬಾಯಿ ಮುಚ್ಚಿಸಬಲ್ಲವಳು ಇವತ್ತು ತುಟಿ ಪಿಟಕ್ಕೆನ್ನದೆ ಹಿಂದಿನ ಬೆಂಚಿನಲ್ಲಿ ಹೋಗಿ ಕುಳಿತಳು. ಬಲಗೈ ಶಾಲಿನೊಳಗಿತ್ತು.

"ಏನೇ, ಬಾಯಿಗೆ ಬೀಗ ಹಾಕ್ಕೊಂಡು ಬಂದಿದೀಯಾ? ಇಷ್ಟು ಬೇಗ ಯಾಕೆ ವಾಪಸ್ ಬಂದೆ?"

ಅವಳು ಕೈಯನ್ನು ಹೊರಗೆ ತೆಗೆದಳು. ಅಂಗೈಯ ಚರ್ಮ ಸುಟ್ಟು ನುಣ್ಣಗೆ ಹೊಳೆಯುತ್ತಿತ್ತು. ಎರಡು ಬೆರಳು ಸೊಟ್ಟಗಾಗಿದ್ದವು.

"ಯಾರು? ಆ ಮನೆಯವರಾ?"

"ಅವರೇನೂ ಕೆಟ್ಟವರಲ್ಲ ಟೀಚರ್. ಓವನ್ನಿಂದ ಆಗಷ್ಟೇ ತೆಗೆದ ಟ್ರೇ. ಮೇಜು ಖಾಲಿ ಮಾಡೋವರೆಗೂ 'ಹೋಲ್ಡ್' ಅಂತ ನನ್ನ ಕೈಗೆ ಕೊಟ್ರು. ಮಧ್ಯೆ ಒಂದು ತೆಳ್ಳನೆ ಬಟ್ಟೆ ಅಷ್ಟೇ. ಅಷ್ಟರಲ್ಲಿ ಫೋನ್ ಬಂತು, ಆ ಕಡೆ ತಿರುಗಿಬಿಟ್ರು. ಅವರ ಮಗು ಅಂಬೆಗಾಲಿಟ್ಕೊಂಡು ಬಂದು ನನ್ನ ಕಾಲು ತಬ್ಬಿಕೊಳ್ತು. ಟ್ರೇ ಬಿಡೋ ಹಾಗಿಲ್ಲ, ಕದಲೋ ಹಾಗಿಲ್ಲ."

"ಕೂಗಬಾರದಿತ್ತಾ?"

"ಕೂಗ್ದೆ, ನಮ್ಮ ಮಾತಲ್ಲಿ. ಅವರು ತಿರುಗಿ ಕೂಡ ನೋಡದೆ ಬೆರಳೆತ್ತಿ 'ವೆಯ್ಟ್' ಅಂದ್ರು." ಬಾಯಿಬಡುಕಿ ನಕ್ಕಳು. "ಅದೂ ಅರ್ಥ ಆಯ್ತು ನೋಡಿ. ನಿಂತೆ."

"ಟೇಕ್ ಅನ್ನಬೇಕಿತ್ತು ಕಣೇ! ಅದು ನಿನಗೆ ಗೊತ್ತಿತ್ತಲ್ಲ!"

"ದಿನಕ್ಕೆ ನೂರು ಸಲ ಕೇಳ್ತಿದ್ದೆ. ಆದ್ರೆ ಅದು ಅವರು ಹೇಳೋ ಮಾತು. ನನ್ನ ಬಾಯಿಂದಾನೂ ಬರಬಹುದು ಅಂತ ಹೊಳೀಲೇ ಇಲ್ಲ. ನೀವೇ ಹೇಳಿದ್ರಲ್ಲ ಟೀಚರ್, 'ನಿನಗೆ ಇಂಗ್ಲಿಷ್ ಬೇಕಾಗಿರೋದು ಕಿವಿಗೆ, ಬಾಯಿಗಲ್ಲ' ಅಂತ."

ಅವಳ ದನಿಯಲ್ಲಿ ದೂರು ಇರಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎನ್ನಿಸಿತು ಟೀಚರಿಗೆ. ಇಂಗ್ಲಿಷ್ ವ್ಯಾಕರಣದಲ್ಲಿ ಆಜ್ಞೆ ಮಾಡುವಷ್ಟು ಸುಲಭದ ಪಾಠ ಇನ್ನೊಂದಿಲ್ಲ, ಕ್ರಿಯಾಪದವೊಂದಿದ್ದರೆ ವಾಕ್ಯ ಮುಗಿಯಿತು ಎಂದು ಅವರು ಜಂಬದಿಂದಲೇ ಹೇಳುತ್ತಿದ್ದರು. ಮೊದಲು ಶಾಲೆಯಲ್ಲಿದ್ದಾಗ ಮಕ್ಕಳನ್ನು ಎರಡು ಗುಂಪು ಮಾಡಿ ಆಡಿಸುತ್ತಿದ್ದರು. ಒಂದು ಗುಂಪು ಹೇಳಬೇಕು, ಇನ್ನೊಂದು ಮಾಡಬೇಕು, ಆಮೇಲೆ ಅದಲುಬದಲು. "ಕೂತ್ಕೋ, ನಿಂತ್ಕೋ" ಎಂದು ಹೇಳುವ ಸರದಿ ಬಂದಾಗ ಮೂಗು ಸುರಿಸುವ ಪೋರನೂ ಎದೆಯುಬ್ಬಿಸುತ್ತಿದ್ದ. ಈ ಕೋಣೆಗೆ ಬಂದ ಮೇಲೆ ಅದಲುಬದಲು ಮಾಡುವುದನ್ನು ಬಿಟ್ಟಿದ್ದರು. ಕೆಲಸದವರು ಯಾರಿಗೆ ಹೇಳುವುದಿದೆ ಎಂದುಕೊಂಡಿದ್ದರು. ಅದನ್ನು ನೆನೆದು ಅವರಿಗೆ ತಮ್ಮ ಮೇಲೆಯೇ ಹೇಸಿಗೆಯಾಯಿತು. ಮುಂದಿನ ಬೆಂಚುಗಳಲ್ಲಿ ಕುಳಿತವರೆಲ್ಲ ನಾಳೆ ವಿಮಾನ ಹತ್ತುವವರು.

ಅವರು ಎದ್ದು ಬೋರ್ಡನ್ನು ಪೂರ್ತಿ ಒರೆಸಿದರು.

"ಎಲ್ರೂ ಕೇಳ್ರಮ್ಮ. ಇದು ನೀವು ಹೇಳೋ ಪಾಠ. ಮನೆಯಾಕೆಗೇ ಹೇಳೋದು, ಮುಖ ನೋಡಿ. ಟೇಕ್! ವೆಯ್ಟ್! ಸ್ಟಾಪ್!"

ಮೊದಲು ಕಿಸಿಕಿಸಿ ನಕ್ಕರು. ಆಮೇಲೆ ಒಬ್ಬೊಬ್ಬರೇ ದನಿಗೂಡಿಸಿದರು. ಕೊನೆಕೊನೆಗೆ ಹೆಂಚು ಹಾರಿಹೋಗುವಂತೆ ಕೂಗತೊಡಗಿದಾಗ ಕೆಳಗಿನ ಅಂಗಡಿಯ ದರ್ಜಿ ಕೊರಳಲ್ಲಿದ್ದ ಅಳತೆ ಟೇಪಿನ ಸಮೇತ ಮೆಟ್ಟಿಲು ಹತ್ತಿ ಬಂದು ಇಣುಕಿ ನೋಡಿ ಹೋದ. ಟೀಚರಿಗೆ ತುಸು ಧೈರ್ಯ ಬಂತು. ಕೆಟ್ಟ ಮೇಲೆ ಬುದ್ಧಿ ಬಂತೆನ್ನಲಿ, ಬಂತಲ್ಲ.

ಬಕೆಟ್ಟಿಗೆ ಕಂಠಪೂರ್ತಿ ನೀರು ತುಂಬಿಸಿ ಮುಂದಿನ ಬೆಂಚಿನ ದಪ್ಪ ಜಡೆಯವಳ ಕೈಗೆ ಕೊಟ್ಟರು. ತರಗತಿಯಲ್ಲಿ ಎಲ್ಲರಿಗಿಂತ ಜೋರಾಗಿ ಕೂಗಿದವಳು ಅವಳೇ.

"ಹೋಲ್ಡ್. ನೆಲಕ್ಕಿಡೋ ಹಾಗಿಲ್ಲ. ಕೈ ಸೋತಾಗ ನನಗೆ ಏನು ಹೇಳ್ಬೇಕು, ಗೊತ್ತಲ್ಲ?"

ದಪ್ಪ ಜಡೆಯವಳು ತಲೆಯಾಡಿಸಿದಳು. ತಲೆಯಾಡಿಸುವುದನ್ನು ಅವರೇ ಚೆನ್ನಾಗಿ ಕಲಿಸಿದ್ದರು.

ಟೀಚರ್ ಫೋನನ್ನು ಕಿವಿಗಿಟ್ಟುಕೊಂಡು ಕಿಟಕಿಯ ಕಡೆಗೆ ತಿರುಗಿ ನಿಂತರು. "ಹಲೋ, ಹಾಂ, ಹೇಳಿ," ಎಂದು ಯಾರೂ ಇಲ್ಲದ ಫೋನಿನಲ್ಲಿ ಮಾತಾಡಿದರು. ಕೆಳಗೆ ಬೀದಿಯಲ್ಲಿ ಒಬ್ಬ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದ. ಅವನು ಒಂದು ಗಾಲಿ ಮುಗಿಸಿ ಇನ್ನೊಂದಕ್ಕೆ ಕೈಹಾಕಿದ. ಹಿಂದೆ ಬಕೆಟ್ಟಿನ ಹಿಡಿ ಕಿರುಗುಟ್ಟಿತು. ದಪ್ಪ ಜಡೆಯವಳ ಉಸಿರು ಜೋರಾಯಿತು. ಟೇಕ್ ಅನ್ನೇ ತಾಯಿ, ಒಂದೇ ಒಂದು ಸಲ ಅಂದುಬಿಡೇ ಎಂದು ಅವರು ಮನಸ್ಸಿನಲ್ಲೇ ಅಂಗಲಾಚಿದರು. ಸೈಕಲ್ಲಿನವನು ಎರಡನೆಯ ಗಾಲಿಯನ್ನೂ ಮುಗಿಸಿ ಹೊರಟುಹೋದ.

ತಡೆಯಲಾರದೆ ತಿರುಗಿದರು. ಹಿಂದಿನ ಬೆಂಚಿನ ಬಾಯಿಬಡುಕಿ ತನ್ನ ಸುಟ್ಟ ಕೈಯನ್ನು ಇನ್ನೊಂದು ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡು ಎದ್ದು ನಿಂತಿದ್ದಳು. ದಪ್ಪ ಜಡೆಯವಳ ತೋಳು ಗಡಗಡ ನಡುಗುತ್ತಿತ್ತು, ಕತ್ತಿನ ನರ ಉಬ್ಬಿತ್ತು, ತುಟಿ ಕಚ್ಚಿಕೊಂಡಿದ್ದಳು. ಟೀಚರ್ ತಿರುಗಿದ್ದನ್ನು ಕಂಡು ಅವಳ ಮುಖ ಅರಳಿತು.

"ಒಂದು ಹನೀನೂ ಚೆಲ್ಲಿಲ್ಲ ಟೀಚರ್," ಎಂದಳು.