ನಾಲ್ಕು ಫೈಲುಗಳ ಸುತ್ತು

ಬ್ರೈಲ್ ಮುದ್ರಣಾಲಯದ ಕಂಪ್ಯೂಟರ್ ಪ್ರೋಗ್ರಾಂ ಬೆಳಿಗ್ಗೆ ಎಂಟೂವರೆಗೆ ಶುರುವಾಗಲು ಹೊರಟಿದ್ದು, ಒಂಬತ್ತಾದರೂ ಶುರುವಾಗುತ್ತಲೇ ಇತ್ತು. ಕಣ್ಣು ಕಾಣದ ಮಕ್ಕಳ ಗಣಿತದ ಪ್ರಶ್ನೆಪತ್ರಿಕೆ ಮಧ್ಯಾಹ್ನದೊಳಗೆ ಅಚ್ಚಾಗಬೇಕು. ಮ್ಯಾನೇಜರು ಬಾಗಿಲಲ್ಲೇ ನಿಂತು, ಕೆಲಸಕ್ಕೆ ಸೇರಿ ಎರಡು ತಿಂಗಳಾಗಿದ್ದ ಹೊಸಬಳನ್ನು ನೋಡಿ, "ನಿನ್ನೆ ಪ್ರೋಗ್ರಾಂಗೆ ಭಿನ್ನರಾಶಿಯ ಫೈಲು ಸೇರಿಸಿದ್ದು ನೀವೇ ತಾನೆ?" ಎಂದರು. ಉತ್ತರಕ್ಕೂ ಕಾಯದೆ ಹೊರಟುಹೋದರು. ಅವಳ ಮುಖ ಸಪ್ಪಗಾಯಿತು.

ಆ ಪ್ರೋಗ್ರಾಂ ಬರೆದವರು ಪಕ್ಕದ ಮೇಜಿನ ದೊಡ್ಡಕ್ಕ. ಹುಟ್ಟಿನಿಂದ ಕಣ್ಣು ಕಾಣದು. ಕೀಲಿಮಣೆಯ ಮುಂದಿನ ಪಟ್ಟಿಯಲ್ಲಿ ಮೂಡುವ ಚುಕ್ಕಿಗಳನ್ನು ಬೆರಳಲ್ಲಿ ಓದಿಕೊಂಡೇ ಲಿಸ್ಪ್ ಜಾತಿಯ ಕಂಪ್ಯೂಟರ್ ಭಾಷೆಯೊಂದರಲ್ಲಿ ನಲವತ್ತು ಫೈಲು ಬರೆದಿದ್ದರು. ಹೆಜ್ಜೆಗೊಂದು ಬ್ರ್ಯಾಕೆಟ್ ತೆರೆಯುವ ಭಾಷೆ. ಮುಚ್ಚುವ ಲೆಕ್ಕ ತಪ್ಪಿದರೆ ಕಣ್ಣಿದ್ದವರೂ ತಡಕಾಡಬೇಕು.

"ಎಲ್ಲೋ ಸುತ್ತು ಬಿದ್ದಿದೆ ಕಣೇ," ಎಂದರು ದೊಡ್ಡಕ್ಕ. "ಈ ಫೈಲು ಆ ಫೈಲನ್ನ ಕರೆಯುತ್ತೆ, ಅದು ಇನ್ನೊಂದನ್ನ. ಕೊನೆಯದು ತಿರುಗಿ ಮೊದಲನೇದನ್ನೇ ಕರೆದ್ರೆ ಆಯ್ತು, ದಿನವಿಡೀ ಕರೀತಾನೇ ಇರ್ತವೆ."

"ನಲವತ್ತರಲ್ಲಿ ಹುಡುಕೋದು ಹೇಗಕ್ಕಾ?"

"ನಾವ್ಯಾಕೆ ಹುಡುಕ್ಬೇಕು? ಅದಕ್ಕೇ ಒಂದು ಪುಟ್ಟ ಪ್ರೋಗ್ರಾಂ ಬರಿ. ಒಂದು ಫೈಲಿಂದ ಹೊರಟು, ಅದು ಕರೆಯೋ ಕಡೆಗೆಲ್ಲ ಹೋಗ್ಲಿ. ಬಂದ ದಾರಿ ನೆನಪಿಟ್ಕೊಳ್ಲಿ."

ಇಪ್ಪತ್ತು ಸಾಲಿನಲ್ಲಿ ಬರೆದಳು. ಹೋದ ಫೈಲಿಗೆಲ್ಲ ಗುರುತು, ಗುರುತಿರುವಲ್ಲಿಗೆ ಮತ್ತೆ ಬಂದರೆ ಅದು ಸುತ್ತು. ಓಡಿಸಿದರೆ ತೆರೆಯ ತುಂಬ ಸುತ್ತುಗಳು! ಒಂದಲ್ಲ ಎರಡಲ್ಲ, ಮೂವತ್ತೊಂದು. ಅವಳು ಅಳುವುದೊಂದು ಬಾಕಿ. ದೊಡ್ಡಕ್ಕ ಪಟ್ಟಿಯ ಮೇಲೆ ಬೆರಳಾಡಿಸಿ ನಕ್ಕರು.

"ಅಯ್ಯೋ, ಅಕ್ಷರದ ಫೈಲನ್ನ ಎಲ್ಲರೂ ಕರೀತಾರೆ. ನಾನು ಹೋದ ಅಂಗಡಿಗೇ ನೀನೂ ಹೋದೆ ಅಂದ್ರೆ ಅದು ಸುತ್ತಾ? ಒಳಗೆ ಹೋದೋಳು ಇನ್ನೂ ಹೊರಗೆ ಬಂದಿಲ್ಲ, ಅಷ್ಟರಲ್ಲೇ ಅದೇ ಬಾಗಿಲು ತಟ್ಟಿದ್ರೆ ಸುತ್ತು. ಹೊರಗೆ ಬರೋವಾಗ ಗುರುತು ಅಳಿಸ್ಕೊಂಡು ಬಾ."

ಅಳಿಸುವ ಒಂದು ಸಾಲು ಸೇರಿಸಿ ಮತ್ತೆ ಓಡಿಸಿದಳು. ಈಗ ಒಂದೇ ಸುತ್ತು: ಪುಟ, ಸಾಲು, ಅಂಕಿ, ಅಳತೆ, ಮರಳಿ ಪುಟ. ಭಿನ್ನರಾಶಿ ಅದರಲ್ಲಿ ಇರಲೇ ಇಲ್ಲ. ಅವಳಿಗೆ ಹೋದ ಜೀವ ಬಂದಂತಾಯಿತು. ಆಮೇಲೆ ಅಳತೆಯ ಫೈಲು ತೆರೆದು ನೋಡಿದಳು. ಪುಟವನ್ನು ಕರೆಯುವ ಸಾಲು ನಿನ್ನೆ ಸಂಜೆ ಸೇರಿದ್ದು, ಸೇರಿಸಿದವರು ದೊಡ್ಡಕ್ಕ.

"ಅಕ್ಕಾ, ಅದು..." ಎಂದು ರಾಗ ಎಳೆದಳು.

"ನಾನೂ ಓದ್ದೆ ಬಿಡು." ದೊಡ್ಡಕ್ಕ ಆಗಲೇ ಫೋನ್ ಕೈಗೆತ್ತಿಕೊಂಡಿದ್ದರು. "ಸಾರ್, ತಪ್ಪು ನಂದು. ಪುಟದ ಅಗಲ ಬೇಕಿತ್ತು ಅಂತ ಇಡೀ ಪುಟದ ಫೈಲನ್ನೇ ಕರೆದುಬಿಟ್ಟಿದ್ದೆ. ಹಿಡಿದಿದ್ದು ಇವಳು."

ಅಗಲವನ್ನಷ್ಟೇ ಬೇರೆ ಪುಟ್ಟ ಫೈಲಿನಲ್ಲಿಟ್ಟು, ಪುಟ, ಅಳತೆ ಎರಡೂ ಅದನ್ನೇ ಕರೆಯುವಂತೆ ಮಾಡಿದರು. ಪ್ರೋಗ್ರಾಂ ಕಣ್ಣು ಮಿಟುಕಿಸುವುದರೊಳಗೆ ಎದ್ದು ನಿಂತಿತು. ಹನ್ನೊಂದಕ್ಕೆ ಅಚ್ಚಿನ ಯಂತ್ರ ಪಟಪಟನೆ ಚುಕ್ಕಿ ಕುಟ್ಟತೊಡಗಿತು. ದೊಡ್ಡಕ್ಕ ಮೊದಲ ಹಾಳೆಯನ್ನು ತಿದ್ದುವ ನೆಪದಲ್ಲಿ ಮೂರು ಲೆಕ್ಕ ಮಾಡಿ ಮುಗಿಸಿ, "ನಾಲ್ಕನೇದು ಸ್ವಲ್ಪ ಕಷ್ಟ ಇದೆ, ಪಾಪ ಮಕ್ಕಳು," ಎಂದು ಹಾಳೆಯನ್ನು ಅವಳತ್ತ ಸರಿಸಿದರು. ಅವಳ ಬೆರಳನ್ನು ಹಿಡಿದು ಚುಕ್ಕಿಗಳ ಮೇಲಿಟ್ಟರು.

"ಕಣ್ಣು ಮುಚ್ಕೊಂಡಿದೀಯಾ?"

"ಹೌದು! ನಿಮಗೆ ಹೇಗೆ ಗೊತ್ತಾಯ್ತು?"

"ಕಣ್ಣಿರೋರೆಲ್ಲ ಮುಚ್ಕೋತಾರೆ," ಎಂದರು ದೊಡ್ಡಕ್ಕ. "ತೆಗಿ. ನಾನೇನು ಕತ್ತಲೆಯಲ್ಲಿ ಓದ್ತಿಲ್ಲ."