ಹಿಂದುಮುಂದಾದ ನಗು

ಪರದೆಯ ಮೇಲೆ ಮದುಮಗನ ನಗು ಅರಳುವ ಬದಲು ಮಾಯವಾಗತೊಡಗಿದಾಗ ಕೊಪ್ಪದ ಸ್ಟುಡಿಯೋದ ಯಶವಂತ ಮೌಸಿನ ಮೇಲಿಂದ ಕೈ ತೆಗೆದ. ಎಡಿಟಿಂಗ್ ಸಾಫ್ಟ್‌ವೇರಿನಲ್ಲಿ ಅವನು, ಮೊದಲ ಸಿ.ಡಿ. ಮಾಡುವಾಗ, ಮುಖವಷ್ಟೇ ಕಾಣುವ ಆ ತುಣುಕನ್ನು ಹಿಂದುಮುಂದಾಗಿ ಓಡಿಸಿದ್ದ. ಬಣ್ಣ ತಿದ್ದುವ ಸಾಫ್ಟ್‌ವೇರಿಗೆ ದಾಟಿಸಿದಾಗ ಕತ್ತರಿ ಹಾಕಿದ ಜಾಗಗಳೆಲ್ಲ ಸರಿಯಾಗಿ ಬಂದು, ಆ ಕೈಚಳಕ ಮಾತ್ರ ಹಿಂದೆ ಉಳಿದು, ತುಣುಕು ಚಿತ್ರೀಕರಿಸಿದ ಹಾಗೆಯೇ ಓಡುತ್ತಿತ್ತು.

ಮದುವೆ ವಿಡಿಯೋದಲ್ಲಿ ಧಾರೆ ಸೀರೆಯ ಕೆಂಪು ಸರಿ ಮಾಡಿಸಲು ಗಂಡ ವಿಘ್ನೇಶನೊಡನೆ ಬಂದಿದ್ದ ಶ್ರೀವಿದ್ಯಾ ಮುಂದಕ್ಕೆ ಬಾಗಿದಳು. ಅಂತರಪಟ ಸರಿದಾಗ ತನ್ನನ್ನು ಕಂಡು ವಿಘ್ನೇಶ ಮೆಲ್ಲಗೆ ನಕ್ಕದ್ದನ್ನು ಅವಳು ಮೆಣಸೆಯಿಂದ ಮೇಗುಂದದವರೆಗಿನ ನೆಂಟರಿಗೆಲ್ಲ ಮೊದಲ ಸಿ.ಡಿ. ಹಾಕಿ ತೋರಿಸಿದ್ದಳು. ಇಲ್ಲಿ ನಗು ಮೊದಲಿತ್ತು; ಅವಳನ್ನು ಕಂಡೊಡನೆ ಮುಖ ಬಿಳುಚಿತು.

"ಇದೆಂತ, ನನ್ನ ನೋಡಿ ಹೀಗಾಯ್ತಾ?"

"ಸಾಫ್ಟ್‌ವೇರ್ ಪ್ರಾಬ್ಲಮ್ಮು ಮೇಡಂ," ಎಂದ ಯಶವಂತ.

"ಅಲ್ಲ ಮಾರಾಯ, ಇದೇ ಸರಿ," ಎಂದ ವಿಘ್ನೇಶ, ನೆಲ ನೋಡುತ್ತ. "ಭಟ್ರು ಎಂತದೋ ತಮಾಷೆ ಹೇಳಿದ್ರು, ನಗ್ತಾ ಇದ್ದೆ. ಪಟ ಸರಿದದ್ದೇ ಹೆದರಿಕೆ ಆಯ್ತು. ಇನ್ನು ತಪ್ಪಿಸ್ಕಳ್ಳಕ್ಕೆ ಆಗಲ್ಲ ಅಂತ."

ಶ್ರೀವಿದ್ಯಾ ತುಣುಕನ್ನು ಇನ್ನೊಮ್ಮೆ ಹಾಕಿಸಿ, ಬಿಳುಚಿದ ಮುಖವನ್ನೇ ಕುತೂಹಲದಿಂದ ನೋಡಿದಳು. ಆಮೇಲೆ ತನ್ನ ಕುರ್ಚಿಯನ್ನು ಗಂಡನ ಪಕ್ಕಕ್ಕೆ ಎಳೆದುಕೊಂಡಳು.

"ನಾನೊಬ್ಳೇ ಹೆದರಿದ್ದು ಅಂದ್ಕಂಡಿದ್ದೆ," ಎಂದಳು.